ಅಂಗಡಿ ಬೇರೆ ಇರಲಿ, ಕೈ ಕೂಡಿರಲಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಅರ್ಜಿ ಪರಿಶೀಲನಾ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ವಿದ್ಯಾರ್ಥಿವೇತನದ ಸಭೆಯಲ್ಲಿ ಓದಿನ ಬಗ್ಗೆ ಮಾತನಾಡುವುದು ವಾಡಿಕೆ. ಶಿಕ್ಷಕರಾದ ನಮ್ಮಿಂದ ನೀವು ಅದನ್ನೇ ನಿರೀಕ್ಷಿಸುತ್ತೀರಿ. ಆದರೆ ಇಂದು ನಾವು ಅಂಗಡಿಯ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇವೆ. ನಿಮ್ಮ ಟೈಲರ್ ಅಂಗಡಿ, ಗ್ಯಾರೇಜು, ಹಣ್ಣಿನ ಗಾಡಿ, ಬೇಕರಿ, ವೆಲ್ಡಿಂಗ್ ಶೆಡ್ಡು, ಮನೆಯಲ್ಲೇ ನಡೆಯುವ ಹಪ್ಪಳ ಉಪ್ಪಿನಕಾಯಿಯ ಕೆಲಸ, ಇವುಗಳ ಬಗ್ಗೆ. ಇವು ಒಂದರೊಡನೊಂದು ಕೈಜೋಡಿಸಿದರೆ ಏನು ಲಾಭ, ಜೋಡಿಸುವಾಗ ಏನು ಎಚ್ಚರ, ಇಷ್ಟೇ ನಮ್ಮ ವಿಷಯ.

ಓದಿಗೂ ಅಂಗಡಿಗೂ ಏನು ಸಂಬಂಧ ಎಂದು ಕೇಳಬಹುದು. ಮೂವತ್ತು ಮೂವತ್ತೈದು ವರ್ಷ ಹಾಜರಿ ಕರೆದವರಿಗೆ ಆ ಸಂಬಂಧ ಚೆನ್ನಾಗಿ ಗೊತ್ತು. ಮಗು ಶಾಲೆ ಬಿಡುವುದು ಒಂದೇ ದಿನದಲ್ಲಿ ಅಲ್ಲ. ಮೊದಲು ಸಂತೆಯ ದಿನ ಬರುವುದಿಲ್ಲ. ಆಮೇಲೆ ತಂದೆಗೆ ಜ್ವರ ಬಂದ ವಾರ ಬರುವುದಿಲ್ಲ, ಯಾಕೆಂದರೆ ಅಂಗಡಿಯ ಬಾಗಿಲು ತೆರೆಯಬೇಕು. ಆಮೇಲೆ ದೊಡ್ಡ ಆರ್ಡರ್ ಬಂದಾಗ ಬರುವುದಿಲ್ಲ. ಆಮೇಲೆ, ಬಿಟ್ಟುಹೋದ ಪಾಠ ಅರ್ಥವಾಗುವುದಿಲ್ಲ ಎಂಬ ನಾಚಿಕೆಯಿಂದ ಬರುವುದಿಲ್ಲ. ಹತ್ತನೆಯ ತರಗತಿಯ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಶಾಯಿಯೇ ಹೆಚ್ಚು. ಆ ತಂದೆ ತಾಯಿಗೆ ಓದಿನ ಮೇಲೆ ಆಸೆ ಇರಲಿಲ್ಲ ಎಂದು ನಾವು ಎಂದೂ ಹೇಳುವುದಿಲ್ಲ. ಆಸೆ ಇತ್ತು. ಆದರೆ ಒಂಟಿ ಅಂಗಡಿಗೆ ಎರಡನೆಯ ಜೋಡಿ ಕೈ ಬೇಕಾದಾಗ, ಸಂಬಳ ಕೇಳದೆ ಸಿಗುವುದು ಮಗುವಿನ ಕೈ ಮಾತ್ರ.

ಟ್ರಸ್ಟು ಕೊಡುವ ವಿದ್ಯಾರ್ಥಿವೇತನ ಶುಲ್ಕ ಕಟ್ಟುತ್ತದೆ, ಪುಸ್ತಕ ಕೊಡಿಸುತ್ತದೆ. ಅಂಗಡಿಯಲ್ಲಿ ನಿಲ್ಲುವ ಕೈಯನ್ನು ಅದು ಕೊಡಲಾರದು. ಆ ಕೈ ಪಕ್ಕದ ಅಂಗಡಿಯವನಿಂದಲೇ ಬರಬೇಕು. ನಾವು ಇಂದು ಸಹಕಾರದ ಮಾತು ಎತ್ತಿರುವುದು ಈ ಕಾರಣಕ್ಕೆ.

ಮೊದಲು ನಾವು ಹತ್ತಿರದಿಂದ ನೋಡಿದ ಒಂದು ಉದಾಹರಣೆ ಹೇಳುತ್ತೇವೆ. ನಮ್ಮಲ್ಲಿ ಕೆಲವರು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ 340 ಮಕ್ಕಳು. ಒಬ್ಬೊಬ್ಬರಿಗೆ ಎರಡು ಜೊತೆಯಂತೆ ವರ್ಷಕ್ಕೆ 680 ಜೊತೆ ಸಮವಸ್ತ್ರ. ಈ ಆರ್ಡರ್ ಪ್ರತಿವರ್ಷ ನಗರದ ಸಗಟು ವ್ಯಾಪಾರಿಯ ಬಳಿಗೆ ಹೋಗುತ್ತಿತ್ತು. ಸಿದ್ಧ ಅಳತೆಯ ಬಟ್ಟೆ ಬರುತ್ತಿತ್ತು. ಅರ್ಧ ಮಕ್ಕಳ ತೋಳು ಬೆರಳ ತನಕ, ಉಳಿದವರದ್ದು ಮೊಣಕೈ ತನಕ. ಅದೇ ಊರಿನ ಬಸ್ ನಿಲ್ದಾಣದ ರಸ್ತೆಯಲ್ಲಿ ಆರು ಜನ ಟೈಲರುಗಳಿದ್ದರು. ಅವರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರು. ಅವರು ಒಬ್ಬೊಬ್ಬರಾಗಿ ಬಂದು ಕೇಳಿದಾಗ ಆಡಳಿತ ಮಂಡಳಿಯ ಪ್ರಶ್ನೆ ಒಂದೇ: ಆರು ವಾರದಲ್ಲಿ 680 ಜೊತೆ ಕೊಡಬಲ್ಲಿರಾ?

ಲೆಕ್ಕ ಮಾಡಿ ನೋಡಿ ಮಕ್ಕಳೇ. ಒಬ್ಬ ಟೈಲರ್ ದಿನಕ್ಕೆ ಐದು ಜೊತೆ ಹೊಲಿದರೂ 136 ದಿನ ಬೇಕು. ಅಂದರೆ ನಾಲ್ಕೂವರೆ ತಿಂಗಳು. ಆರು ಜನ ಸೇರಿದರೆ 23 ದಿನ. ಇಷ್ಟು ಸರಳವಾದ ಭಾಗಾಕಾರ ಅಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ಆರೂ ಜನ ಒಬ್ಬರನ್ನೊಬ್ಬರು ಸ್ಪರ್ಧಿಗಳೆಂದೇ ನೋಡುತ್ತಿದ್ದರು. ಪಕ್ಕದವನ ಅಂಗಡಿಗೆ ಹೋದ ಗಿರಾಕಿ ತನ್ನ ಜೇಬಿನಿಂದ ಹೋದ ದುಡ್ಡು ಎಂಬ ಭಾವನೆ. ಆದರೆ ದೊಡ್ಡ ದುಡ್ಡು ಪಕ್ಕದವನ ಅಂಗಡಿಗೆ ಹೋಗುತ್ತಲೇ ಇರಲಿಲ್ಲ. ಅದು ಊರು ಬಿಟ್ಟು ಹೋಗುತ್ತಿತ್ತು.

ಕೊನೆಗೆ ಆರು ಜನ ಒಂದು ವರ್ಷ ಕೂಡಿ ಅರ್ಜಿ ಕೊಟ್ಟರು. ನಾಲ್ವರು ನಮ್ಮ ಸಮುದಾಯದವರು, ಇಬ್ಬರು ಅಲ್ಲ. ಬಟ್ಟೆಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಎಲ್ಲರಿಗಿಂತ ಹಿರಿಯರು ಕತ್ತರಿಸುವ ಕೆಲಸ ವಹಿಸಿಕೊಂಡರು. ಒಬ್ಬರ ಬಳಿ ಕಾಜಾ ಮಷೀನ್ ಇತ್ತು, ಇನ್ನೊಬ್ಬರ ಬಳಿ ಓವರ್‌ಲಾಕ್ ಮಷೀನ್. ಅವು ಅಲ್ಲಿಯವರೆಗೆ ದಿನದ ಅರ್ಧ ಹೊತ್ತು ಸುಮ್ಮನೆ ನಿಂತಿರುತ್ತಿದ್ದವು. ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಬಟ್ಟೆಯನ್ನು ತಾನುಗಳಲ್ಲೇ ಕೊಂಡಾಗ ಬೆಲೆಯೂ ಇಳಿಯಿತು. ಸಂಬಳವಿಲ್ಲ, ಪಾಲುದಾರಿಕೆ ಇಲ್ಲ. ಹೊಲಿದಷ್ಟು ತುಂಡಿಗೆ ಅಷ್ಟು ಹಣ. ಕತ್ತರಿಸಿದವರಿಗೆ ತುಂಡಿಗೆ ಇಷ್ಟು, ಕಾಜಾ ಹಾಕಿದವರಿಗೆ ಅಂಗಿಗೆ ಇಷ್ಟು ಎಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದರು.

ಜಗಳ ಬರಲಿಲ್ಲವೇ? ಬಂತು. ಹೊಲಿಗೆ ಬಿಟ್ಟ 23 ಅಂಗಿಗಳು ವಾಪಸಾದವು. ಯಾರು ಹೊಲಿದದ್ದೆಂದು ಯಾರೂ ಒಪ್ಪಲಿಲ್ಲ. ಮರುವರ್ಷ ಅವರೇ ಉಪಾಯ ಕಂಡುಕೊಂಡರು. ಕಾಲರಿನ ಒಳಗೆ ಒಂದು ಚಿಕ್ಕ ಬಣ್ಣದ ಹೊಲಿಗೆ: ಒಬ್ಬರಿಗೆ ಹಸಿರು ದಾರ, ಒಬ್ಬರಿಗೆ ಕೆಂಪು, ಒಬ್ಬರಿಗೆ ಹಳದಿ. ತಪ್ಪು ಯಾರದ್ದೋ ಅವರೇ ಸರಿಪಡಿಸಬೇಕು. ಆ ವರ್ಷ ವಾಪಸು ಬಂದದ್ದು ಕಡಿಮೆ, ಯಾಕೆಂದರೆ ತನ್ನ ಗುರುತು ಇರುವ ಅಂಗಿಯನ್ನು ಯಾರೂ ಅಡ್ಡಾದಿಡ್ಡಿ ಹೊಲಿಯುವುದಿಲ್ಲ. ಮೊದಲ ವರ್ಷ ಶಾಲೆಯಿಂದ ಹಣ ಬರುವಾಗ ಮಳೆಗಾಲ ಮುಗಿದಿತ್ತು. ಎರಡನೆಯ ವರ್ಷ ಆರೂ ಜನ ಒಟ್ಟಾಗಿ ಹೋಗಿ ಅರ್ಧ ಮುಂಗಡ, ಉಳಿದದ್ದು ಬಟ್ಟೆ ಒಪ್ಪಿಸುವ ದಿನ ಎಂದು ಕೇಳಿ ಪಡೆದರು. ಒಬ್ಬರೇ ಕೇಳಿದ್ದರೆ ಆ ಮಾತಿಗೆ ತೂಕ ಇರುತ್ತಿರಲಿಲ್ಲ. ಮೂರನೆಯ ವರ್ಷ ಒಬ್ಬರು ಗುಂಪು ಬಿಟ್ಟರು. ಲೆಕ್ಕ ಚುಕ್ತಾ ಆಗಿದ್ದರಿಂದ ಸಲಾಂ ಹೇಳುವುದು ಬಿಡಲಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ ಎಂದರೆ ಟೈಲರನಿಗೆ ಕೆಟ್ಟ ತಿಂಗಳು. ಮದುವೆಗಳಿಲ್ಲ, ಮಳೆಯಲ್ಲಿ ಗಿರಾಕಿ ಇಲ್ಲ. ಶಾಲೆಯ ಶುಲ್ಕ, ಪುಸ್ತಕ, ಕೊಡೆ, ಚಪ್ಪಲಿ ಎಲ್ಲವೂ ಬರುವುದು ಅದೇ ತಿಂಗಳಲ್ಲಿ. ಆ ತಿಂಗಳಲ್ಲಿ ಆರು ಮನೆಗಳಿಗೆ ಕೈಗೆ ಹಣ ಬರುವಂತಾಯಿತು. ಗುಂಡಿ ಹೊಲಿಯಲೆಂದು ಯಾವ ಮಗುವನ್ನೂ ಮನೆಯಲ್ಲಿ ನಿಲ್ಲಿಸಲಿಲ್ಲ. ನಮಗೆ ಸಹಕಾರದ ಅರ್ಥ ಆದದ್ದು ಹಾಜರಿ ಪುಸ್ತಕದ ಆ ಪುಟದಲ್ಲಿ.

ಈ ಉದಾಹರಣೆಯೊಳಗೆ ಲಾಭಗಳ ಪಟ್ಟಿಯೇ ಇದೆ. ಕೂಡಿ ಕೊಂಡರೆ ಕಚ್ಚಾ ಸಾಮಗ್ರಿ ಅಗ್ಗ. ಒಬ್ಬರ ಯಂತ್ರ ಇನ್ನೊಬ್ಬರಿಗೆ ದುಡಿದರೆ ಇಬ್ಬರೂ ಯಂತ್ರ ಕೊಳ್ಳಲು ಸಾಲ ಮಾಡಬೇಕಿಲ್ಲ. ಒಬ್ಬರಿಗೆ ನಿಲುಕದ ಆರ್ಡರು ಆರು ಜನರಿಗೆ ನಿಲುಕುತ್ತದೆ. ಹಣ ವಸೂಲಿಗೆ ಹೋಗುವಾಗ ಬಲ ಇರುತ್ತದೆ. ಕಾಯಿಲೆ ಬಿದ್ದಾಗ ಅಂಗಡಿಯ ಬಾಗಿಲು ಮುಚ್ಚುವುದಿಲ್ಲ. ಇದನ್ನು ಬೇರೆ ಕಸುಬುಗಳಿಗೂ ಹೊಂದಿಸಬಹುದು. ಬೇಕರಿಯವರು ಮೈದಾ ಸಕ್ಕರೆಯನ್ನು ಒಂದೇ ಲಾರಿಯಲ್ಲಿ ತರಿಸಬಹುದು. ಬೈಕ್ ರಿಪೇರಿ ಮಾಡುವವರು ತಮಗೆ ಬಾರದ ಎಲೆಕ್ಟ್ರಿಕಲ್ ಕೆಲಸವನ್ನು ಬಲ್ಲವರ ಬಳಿಗೆ ಕಳುಹಿಸಿ, ಅವರು ಟೈರಿನ ಕೆಲಸ ಇತ್ತ ಕಳುಹಿಸಬಹುದು. ಮದುವೆಯ ಅಡುಗೆಯವರು, ಶಾಮಿಯಾನದವರು, ಪಾತ್ರೆ ಬಾಡಿಗೆಯವರು ಗಿರಾಕಿಗೆ ಒಂದೇ ಚೀಟಿಯಲ್ಲಿ ದರ ಬರೆದು ಕೊಡಬಹುದು.

ಹಣಕ್ಕಿಂತ ಅಗ್ಗವಾದ, ಹಣಕ್ಕಿಂತ ಬೆಲೆಬಾಳುವ ಇನ್ನೊಂದು ಸಹಾಯವಿದೆ. ಅದು ಮಾಹಿತಿ. ಎಲ್ಲಿ ಒಳ್ಳೆಯ ಮಾಲು ಸಿಗುತ್ತದೆ, ಯಾವ ಗಿರಾಕಿ ಹಣ ಕೊಡದೆ ಸತಾಯಿಸುತ್ತಾನೆ, ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದು. ಇಸ್ಲಾಮಿನ ಇತಿಹಾಸದಲ್ಲಿ ಇದಕ್ಕೆ ಒಂದು ಪ್ರಸಿದ್ಧ ಸಾಕ್ಷಿ ಇದೆ. ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಮದೀನಾಕ್ಕೆ ಬಂದ ಮುಹಾಜಿರರನ್ನು ಪ್ರವಾದಿವರ್ಯರು(ಸ) ಅಲ್ಲಿನ ಅನ್ಸಾರಿಗಳೊಂದಿಗೆ ಒಬ್ಬರಿಗೊಬ್ಬರನ್ನು ಸಹೋದರರನ್ನಾಗಿ ಜೋಡಿಸಿದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಜೊತೆಯಾದವರು ಸಅದ್ ಬಿನ್ ರಬೀಅ್(ರ). ಸಅದ್ ಶ್ರೀಮಂತರು. ತಮ್ಮ ಸೊತ್ತಿನ ಅರ್ಧ ಭಾಗವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ಮಾತ್ರ ಕೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರದಿಂದ ಆರಂಭಿಸಿ ಮುಂದೆ ಮದೀನಾದ ದೊಡ್ಡ ವರ್ತಕರಲ್ಲೊಬ್ಬರಾದರು, ದೊಡ್ಡ ದಾನಿಯೂ ಆದರು. ನಮ್ಮ ದಾನಿಗಳು ಇದನ್ನು ಗಮನಿಸಬೇಕು. ಕೊಡುವವರಲ್ಲಿ ಅರ್ಧ ಆಸ್ತಿ ಕೊಡುವ ಮನಸ್ಸಿತ್ತು. ಪಡೆಯುವವರಿಗೆ ಸಾಕಾದದ್ದು ಮಾರುಕಟ್ಟೆಯ ದಾರಿ.

ಇನ್ನು ನಮ್ಮ ನೆಲದ ಇತಿಹಾಸ. ಉಡುಪಿಯಲ್ಲಿ 1906ರಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಎಂಬ ವರ್ತಕರು ಊರಿನ ಇತರ ಪ್ರಮುಖರನ್ನು ಕೂಡಿಕೊಂಡು ಒಂದು ಬ್ಯಾಂಕ್ ಕಟ್ಟಿದರು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಎಂದು ಅದರ ಹೆಸರು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿಯುವಾಗ ಅಲ್ಲಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದಕ್ಕೆ ಮೊದಲು ಅವರು ಜನರಿಗೆ ಮಾಡಿದ ಮನವಿಯಲ್ಲಿ ಉಳಿತಾಯದ ಅಭ್ಯಾಸದ ಜೊತೆಗೆ ಜಾತಿ ಮತಗಳ ಭೇದವಿಲ್ಲದೆ ಪರಸ್ಪರ ಸಹಕಾರದ ಅಭ್ಯಾಸವನ್ನು ಬೆಳೆಸುವುದೂ ಉದ್ದೇಶ ಎಂದು ಹೇಳಿದ್ದರು. ಅದನ್ನೇ ಅವರು ಸ್ವದೇಶಿ ಎಂದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಎಂದಾಗಿ ದೇಶವೆಲ್ಲ ಹರಡಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡ್ಡಿಯ ವಿಚಾರವನ್ನು ನಾವು ಉಲಮಾಗಳಿಗೆ ಬಿಡುತ್ತೇವೆ. ನಾವು ತೋರಿಸಬೇಕೆಂದಿರುವುದು ಆ ಮೊದಲ ದಿನದ ಮೊತ್ತವನ್ನು. 38 ರೂಪಾಯಿ ಕಂಡು ಅವರು ಬಾಗಿಲು ಮುಚ್ಚಲಿಲ್ಲ.

ಅದೇ ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಕ್ರಮ. ಇಂದಿಗೂ ನಮ್ಮ ಅಂಗಡಿಗಳಿಗೆ ಪಿಗ್ಮಿ ಸಂಗ್ರಹಿಸುವವರು ಬರುತ್ತಾರೆ. 1973ರಲ್ಲಿ ಅಡಿಕೆ ಬೆಳೆಗಾರರು ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಬೆಲೆ ಕುಸಿದಾಗ ಒಬ್ಬೊಬ್ಬ ಬೆಳೆಗಾರ ಒಂಟಿಯಾಗಿ ಅಂಗಡಿಯ ಮೆಟ್ಟಿಲು ಹತ್ತುವುದು ತಪ್ಪಲೆಂದು ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿದರು. 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಈ ಮಕ್ಕಳು ತಿನ್ನುವ ಚಾಕಲೇಟಿನ ಹಿಂದೆಯೂ ಸಹಕಾರದ ಲೆಕ್ಕ ಪುಸ್ತಕವಿದೆ.

ಇವೆಲ್ಲ ದೊಡ್ಡವರ ಕತೆ, ನಮಗೆ ಬಂಡವಾಳ ಎಲ್ಲಿದೆ ಎಂದು ತಾಯಂದಿರು ಕೇಳಬಹುದು. ಅವರಿಗಾಗಿ ಮುಂಬಯಿಯ ಒಂದು ಉದಾಹರಣೆ. 1959ರ ಮಾರ್ಚ್ 15ರಂದು ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಕೈಸಾಲ ಪಡೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅದೇ ಇಂದಿನ ಲಿಜ್ಜತ್ ಹಪ್ಪಳ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಕೆಲಸ ಮಾಡುವವರನ್ನು ಕೂಲಿಯವರೆಂದು ಕರೆಯುವುದಿಲ್ಲ, ಸೋದರಿ ಸದಸ್ಯರು ಎನ್ನುತ್ತಾರೆ. ಅವರೇ ಒಡತಿಯರು. ಹಿಟ್ಟು ಕಲಸುವುದು ಕೇಂದ್ರದಲ್ಲಿ, ಲಟ್ಟಿಸುವುದು ಅವರವರ ಮನೆಯಲ್ಲಿ. ಆದ್ದರಿಂದ ರುಚಿ ಎಲ್ಲೆಡೆ ಒಂದೇ, ಮನೆಯೂ ಮಕ್ಕಳೂ ಕಣ್ಣ ಮುಂದೆ. ನಮ್ಮ ತಾಯಂದಿರಲ್ಲಿ ಮಸಾಲೆ, ಉಪ್ಪಿನಕಾಯಿ, ಒಣ ಪತ್ತಿರಿ ಮಾಡುವವರು ಪ್ರತಿ ಬೀದಿಯಲ್ಲಿದ್ದಾರೆ. ಒಬ್ಬೊಬ್ಬರೇ ಮಾಡಿದರೆ ಒಂದು ವಾರ ಹೆಚ್ಚಾಗಿ ಹಾಳಾಗುತ್ತದೆ, ಇನ್ನೊಂದು ವಾರ ಕೇಳಿದವರಿಗೆ ಕೊಡಲು ಇರುವುದಿಲ್ಲ. ನಾಲ್ಕು ಮನೆ ಸೇರಿ ಒಂದೇ ಪಾಕ, ಒಂದೇ ತೂಕ, ಒಂದೇ ಚೀಟಿ, ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡರೆ ಅಂಗಡಿಯವರೂ ಧೈರ್ಯವಾಗಿ ಕೊಳ್ಳುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಶಿಕ್ಷಕರಿಗೆ ಇದನ್ನು ಹೇಳದೆ ನಿದ್ದೆ ಬರುವುದಿಲ್ಲ.

ಒಂದನೆಯದು, ಬರೆಯಿರಿ. ಪವಿತ್ರ ಕುರ್‌ಆನಿನ ಅತಿ ಉದ್ದದ ಸೂಕ್ತ ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ. ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದೆಂದು ಅದು ಕಲಿಸುತ್ತದೆ. ಆದರೂ ನಮ್ಮಲ್ಲಿ ನೋಟ್‌ಬುಕ್ ತೆರೆದರೆ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಕೇಳುವವರಿದ್ದಾರೆ. ನಂಬಿಕೆ ಇರುವುದರಿಂದಲೇ ಬರೆಯುವುದು, ಅದು ಉಳಿಯಲಿ ಎಂದು. ಯಾರು ಎಷ್ಟು ಹಾಕಿದರು, ಯಾರ ಯಂತ್ರ ಎಷ್ಟು ಹೊತ್ತು ನಡೆಯಿತು, ಹಾಳಾದ ಮಾಲಿನ ನಷ್ಟ ಯಾರದ್ದು, ಬಿಟ್ಟು ಹೋಗುವವರಿಗೆ ಎಷ್ಟು ದಿನದಲ್ಲಿ ಹಣ ಕೊಡಬೇಕು, ಈ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಬರೆಯಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಸಂಜೆ ಹತ್ತು ನಿಮಿಷ ಲೆಕ್ಕ ಬರೆಯುವುದರಿಂದ ಅವಳ ಓದು ಕೆಡುವುದಿಲ್ಲ, ಗಣಿತ ಗಟ್ಟಿಯಾಗುತ್ತದೆ.

ಎರಡನೆಯದು, ಸಹಕಾರ ಬೇರೆ, ಪಾಲುದಾರಿಕೆ ಬೇರೆ. ಕೂಡಿ ಕೊಳ್ಳುವುದು, ಕೆಲಸ ಹಂಚಿಕೊಳ್ಳುವುದು, ಗಿರಾಕಿಯನ್ನು ಕಳುಹಿಸುವುದು, ಇವುಗಳಲ್ಲಿ ನಿಮ್ಮ ಅಂಗಡಿ ನಿಮ್ಮದೇ. ಪಾಲುದಾರಿಕೆಯಲ್ಲಿ ಹಾಗಲ್ಲ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಗಾಗಿ ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆ ತನ್ನ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಆದ್ದರಿಂದ ಮೊದಲು ಒಂದು ಹಂಗಾಮು ಜೊತೆಯಾಗಿ ಕೆಲಸ ಮಾಡಿ ನೋಡಿ. ಹೊಂದಾಣಿಕೆ ಬಂದರೆ ವಕೀಲರ ಬಳಿ ಹೋಗಿ. ಬಾರದಿದ್ದರೆ ಸಲಾಂ ಹೇಳಿ ನಿಮ್ಮ ಅಂಗಡಿಗೆ ಮರಳಿ.

ಮೂರನೆಯದು, ಗಿರಾಕಿಯ ವಿರುದ್ಧ ಕೂಡಬೇಡಿ. ನಾಲ್ಕು ಅಂಗಡಿಯವರು ಸೇರಿ ಇದಕ್ಕಿಂತ ಕಡಿಮೆಗೆ ಯಾರೂ ಮಾರಬಾರದೆಂದು ದರ ಕಟ್ಟಿದರೆ ಅದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಬೆಲೆ ಏರಲೆಂದು ಮಾಲು ಬಚ್ಚಿಡುವುದನ್ನು ಧರ್ಮವೂ ಒಪ್ಪುವುದಿಲ್ಲ. ಕೂಡುವುದು ಖರ್ಚು ಇಳಿಸಲು, ಕೆಲಸ ಚೆನ್ನಾಗಿಸಲು.

ನಾಲ್ಕನೆಯದನ್ನು ನೋವಿನಿಂದ ಹೇಳುತ್ತೇವೆ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆ ಎಂಬ ಹೆಸರನ್ನು ನಂಬಿ ಸಾವಿರಾರು ಕುಟುಂಬಗಳು ಹಣ ಕಳೆದುಕೊಂಡದ್ದು ನಿಮಗೆಲ್ಲ ತಿಳಿದಿದೆ. ಮಗಳ ಮದುವೆಯ ಹಣ, ಮಗನ ಕಾಲೇಜಿನ ಹಣ, ನಿವೃತ್ತರ ಗಂಟು, ಎಲ್ಲ ಹೋಯಿತು. ಅದಾದ ಮೇಲೆ ಕೂಡಿ ಮಾಡೋಣ ಎಂಬ ಮಾತಿಗೇ ನಮ್ಮ ಜನ ಹೆದರುತ್ತಾರೆ. ಹೆದರಿಕೆ ಸಹಜ. ಆದರೆ ಅದು ಸಹಕಾರವಾಗಿರಲಿಲ್ಲ. ಸಹಕಾರದಲ್ಲಿ ನಿಮ್ಮ ಹಣ ಎಲ್ಲಿದೆ ಎಂದು ನೀವು ನಡೆದುಕೊಂಡು ಹೋಗಿ ನೋಡಬಹುದು. ಅದು ಪಕ್ಕದ ಅಂಗಡಿಯಲ್ಲಿ ಬಟ್ಟೆಯ ತಾನಾಗಿ, ಮೈದಾದ ಚೀಲವಾಗಿ ಕಣ್ಣಿಗೆ ಕಾಣುತ್ತದೆ. ಲೆಕ್ಕ ಪುಸ್ತಕ ಕೇಳಿದ ದಿನ ತೋರಿಸುತ್ತಾರೆ. ಪ್ರತಿ ತಿಂಗಳು ಇಷ್ಟೇ ಲಾಭ ಎಂದು ಯಾರೂ ಮಾತು ಕೊಡುವುದಿಲ್ಲ, ಯಾಕೆಂದರೆ ನಿಜವಾದ ವ್ಯಾಪಾರದಲ್ಲಿ ಮಳೆಗಾಲವೂ ಇರುತ್ತದೆ. ಎಲ್ಲಿ ನೀವು ಹಣ ಮಾತ್ರ ಕೊಡುತ್ತೀರೋ, ಕೆಲಸ ಕಾಣುವುದಿಲ್ಲವೋ, ಲಾಭ ಮಾತ್ರ ತಿಂಗಳು ತಿಂಗಳು ಬರುತ್ತದೋ, ಅಲ್ಲಿಂದ ಎದ್ದು ಬನ್ನಿ. ಆ ಮಾತನ್ನು ಯಾರೇ ಹೇಳಿದ್ದರೂ, ಯಾವ ವೇದಿಕೆಯಿಂದ ಹೇಳಿದ್ದರೂ ಎದ್ದು ಬನ್ನಿ.

ಸರಕಾರದ ಕಡೆಯಿಂದ ಸಿಗುವ ಒಂದೆರಡು ಆಸರೆಗಳನ್ನೂ ತಿಳಿಸುತ್ತೇವೆ. 2020ರ ಜುಲೈ 1ರಿಂದ ಸಣ್ಣ ಉದ್ಯಮಗಳಿಗೆ ಉದ್ಯಮ್ ನೋಂದಣಿ ಇದೆ. ಆಧಾರ್ ಸಂಖ್ಯೆಯಿಂದ ಮಾಡುವ ಈ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳ ಬಳಿ ಹೋಗಬೇಡಿ. ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳೇ ಮಾಡಿಕೊಡಬಲ್ಲರು. ತಯಾರಿಕೆ ಮಾಡುವ ಅಥವಾ ಸೇವೆ ನೀಡುವ ಕಿರು ಮತ್ತು ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆಯಲ್ಲಿ ಒಂದು ರಕ್ಷಣೆಯಿದೆ. ಮಾಲು ಅಥವಾ ಕೆಲಸ ಒಪ್ಪಿಕೊಂಡ ಗಿರಾಕಿ ಸಂಸ್ಥೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕೆಂದು ಕಾನೂನು. ಸರಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬರೇ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಬ್ಯಾಂಕ್ ಸಾಲದಲ್ಲಿ ಆದ್ಯತೆಗೆ ಮಾತ್ರ, ಈ 45 ದಿನದ ರಕ್ಷಣೆ ಅವರಿಗಿಲ್ಲ. ಇದನ್ನು ತಿಳಿದೇ ವ್ಯವಹಾರ ಮಾಡಿ. ಗುಂಪು ದೊಡ್ಡದಾಗಿ ಸಹಕಾರ ಸಂಘ ಮಾಡಬೇಕೆನಿಸಿದರೆ ನಮ್ಮ ರಾಜ್ಯದಲ್ಲಿ 1959ರ ಸಹಕಾರ ಸಂಘಗಳ ಕಾಯ್ದೆಯೂ 1997ರ ಸೌಹಾರ್ದ ಕಾಯ್ದೆಯೂ ಇವೆ.

ಈಗ ನಮ್ಮ ಬೇಡಿಕೆಗಳು. ಮೂರೇ ಇವೆ.

ಮೊದಲನೆಯದು ಪಾಲಕರಿಗೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಪಾಲಕರ ಉದ್ಯೋಗ ಎಂಬ ಸಾಲಿನಲ್ಲಿ ಹೆಚ್ಚಿನವರು ವ್ಯಾಪಾರ ಎಂದು ಒಂದೇ ಶಬ್ದ ಬರೆಯುತ್ತಾರೆ. ಮುಂದಿನ ವರ್ಷದಿಂದ ಅದರ ಕೆಳಗೆ ಎರಡು ಸಾಲು ಸೇರಿಸಬೇಕೆಂದು ನಾವು ಟ್ರಸ್ಟನ್ನು ಕೇಳಿದ್ದೇವೆ: ನೀವು ಏನು ಮಾಡಬಲ್ಲಿರಿ? ನಿಮ್ಮ ಕೆಲಸಕ್ಕೆ ಏನು ಕೊರತೆ? ದಯವಿಟ್ಟು ಬಿಡಿಸಿ ಬರೆಯಿರಿ. ಈ ಉತ್ತರದಿಂದ ವಿದ್ಯಾರ್ಥಿವೇತನ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅಂಕ, ಆದಾಯ, ಮನೆಯ ಸ್ಥಿತಿ, ಇವೇ ಈಗಿನಂತೆ ಆಯ್ಕೆಯ ಆಧಾರ. ಆದರೆ ಒಬ್ಬರ ಕೊರತೆಯೂ ಇನ್ನೊಬ್ಬರ ಕಸುಬೂ ಒಂದೇ ಕಡತದಲ್ಲಿದ್ದು ಪರಸ್ಪರ ಕಾಣದೆ ಇರುವುದನ್ನು ನೋಡಿ ನಮಗೆ ಬೇಸರವಾಗಿದೆ. ಹಣ್ಣಿನ ಪೆಟ್ಟಿಗೆ ಬೇಕಾದವರ ಅರ್ಜಿಯ ಕೆಳಗೇ ಪೆಟ್ಟಿಗೆ ಮಾಡುವವರ ಅರ್ಜಿ ಇರುತ್ತದೆ.

ಎರಡನೆಯದು ದಾನಿಗಳಿಗೆ. ನಿಮ್ಮ ಝಕಾತ್ ಮತ್ತು ಸದಕಾದಿಂದ ಈ ಸಭಾಂಗಣದ ಮಕ್ಕಳು ಓದುತ್ತಿದ್ದಾರೆ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಅದರ ಜೊತೆಗೆ ಒಂದು ಆರ್ಡರನ್ನೂ ಕೊಡಿ. ನಿಮ್ಮ ಸಂಸ್ಥೆಯ ಸಮವಸ್ತ್ರ, ಮದುವೆಯ ಅಡುಗೆ, ಮನೆಯ ಕಿಟಕಿ ಗ್ರಿಲ್, ಕಚೇರಿಯ ಮುದ್ರಣ, ಇವುಗಳಲ್ಲಿ ಒಂದನ್ನು ಮೂರು ನಾಲ್ಕು ಪಾಲಕರ ಗುಂಪಿಗೆ ಕೊಟ್ಟು ನೋಡಿ. ದಾನವಾಗಿ ಬೇಡ. ಗುಣಮಟ್ಟ ನೋಡಿ, ದರ ಚೌಕಾಸಿ ಮಾಡಿ, ಸರಿ ಬಾರದಿದ್ದರೆ ವಾಪಸು ಮಾಡಿ. ಆದರೆ ಹಣ ಮಾತ್ರ ಹೇಳಿದ ದಿನ ಕೊಡಿ. ಸಣ್ಣ ಅಂಗಡಿ ಮುಚ್ಚುವುದು ಕೆಲಸವಿಲ್ಲದೆ ಮಾತ್ರ ಅಲ್ಲ, ಮಾಡಿದ ಕೆಲಸದ ಹಣ ಬಾರದೆಯೂ ಮುಚ್ಚುತ್ತದೆ. ವರ್ಷಕ್ಕೆ ಒಂದು ದಿನ ಬಂದು ಒಬ್ಬ ಪಾಲಕನಿಗೆ ನಿಮ್ಮ ಲೆಕ್ಕ ಪುಸ್ತಕ ಹೇಗೆ ಇಡುತ್ತೀರೆಂದು ತೋರಿಸಿದರೂ ಅದು ಸಣ್ಣ ಸಹಾಯವಲ್ಲ.

ಮೂರನೆಯದು ಮಕ್ಕಳಿಗೆ. ನಿಮ್ಮಲ್ಲಿ ಕಾಮರ್ಸ್ ಓದುವವರಿದ್ದೀರಿ, ಐಟಿಐ ಕಲಿಯುವವರಿದ್ದೀರಿ, ಇಂಜಿನಿಯರಿಂಗ್ ಸೇರಿದವರಿದ್ದೀರಿ. ತಂದೆಯ ಕಸುಬನ್ನು ಅರ್ಜಿಯಲ್ಲಿ ಬರೆಯುವಾಗ ಕೆಲವರು ಸಣ್ಣ ಅಕ್ಷರದಲ್ಲಿ ಬರೆಯುತ್ತೀರಿ. ಅದು ನಮ್ಮ ಕಣ್ಣಿಗೆ ಬೀಳುತ್ತದೆ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಮೇಲೆ ನೀವು ಕಲಿತ ಒಂದು ವಿಷಯವನ್ನು ಆ ಅಂಗಡಿಗೆ ಕೊಡಿ. ಬಿಲ್ ಬರೆಯುವ ಕ್ರಮ, ನೋಂದಣಿಯ ಫಾರಂ, ಪಕ್ಕದ ಅಂಗಡಿಯವರೊಂದಿಗೆ ಹಂಚಿಕೊಂಡ ಖರ್ಚಿನ ಪಟ್ಟಿ, ಯಾವುದಾದರೂ ಒಂದು. ನಿಮ್ಮ ಕೈ ಅಂಗಡಿಯಲ್ಲಿ ದಿನವಿಡೀ ನಿಲ್ಲಬೇಕಾಗಿ ಬಾರದಿರಲಿ ಎಂದೇ ನಾವೆಲ್ಲ ಇಲ್ಲಿ ಸೇರಿದ್ದೇವೆ. ನಿಮ್ಮ ತಲೆ ಮಾತ್ರ ಆ ಅಂಗಡಿಯನ್ನು ಮರೆಯದಿರಲಿ.

 ಸಭೆಯ ನಂತರ ಹೊರಗಿನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಊಟಕ್ಕೆ ಹೋಗುವ ಮುಂಚೆ ನಿಮ್ಮ ಹೆಸರು, ಊರು, ಕಸುಬು, ಏನು ಕೊರತೆ ಎಂಬುದನ್ನು ಅದರಲ್ಲಿ ಬರೆದು ಹೋಗಿ. ದಾನಿಗಳೂ ಬರೆಯಿರಿ, ಯಾಕೆಂದರೆ ಕೊರತೆ ಇಲ್ಲದವರು ಯಾರೂ ಇಲ್ಲ. ಬರೆದವರ ನಡುವೆ ಪರಿಚಯ ಮಾಡಿಸುವ ಕೆಲಸ ನಮ್ಮದು.

ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ, ಮಕ್ಕಳ ಓದಿನಲ್ಲಿ ಯಶಸ್ಸು ನೀಡಲಿ, ಆಮೀನ್.